ಬಿಲ್ಲಿನ ಮೇಲೊಂದು ಬಿಳಿಯ ಗೆರೆ
ಉಷ್ಣಮುದ್ರಕದ ಶೀರ್ಷವೂ ಅದರ ಶುದ್ಧಿಯೂ

ಕಿರಾಣಿ ಅಂಗಡಿಯಲ್ಲಿ ಸಾಮಾನು ಕೊಂಡಾಗ, ಔಷಧದ ಅಂಗಡಿಯಲ್ಲಿ ಹಣ ತೆತ್ತಾಗ, ಬಸ್ಸಿನಲ್ಲಿ ನಿರ್ವಾಹಕರಿಂದ ಟಿಕೆಟ್ ಪಡೆದಾಗ ನಮ್ಮ ಕೈಗೆ ಬರುವ ನುಣುಪಾದ ಕಾಗದದ ಚೀಟಿಯನ್ನು ಎಲ್ಲರೂ ಬಲ್ಲರು. ಮೊತ್ತವನ್ನು ಒಮ್ಮೆ ನೋಡಿ ಅದನ್ನು ಜೇಬಿಗೆ ಸೇರಿಸುವುದೇ ನಮ್ಮ ವಾಡಿಕೆ. ಇನ್ನೊಮ್ಮೆ ಅಂಥ ಚೀಟಿಯೊಂದು ಕೈಗೆ ಬಂದಾಗ ಅದನ್ನು ಬೆಳಕಿನಲ್ಲಿ ಹಿಡಿದು ಗಮನವಿಟ್ಟು ನೋಡಿರಿ. ಅನೇಕ ಚೀಟಿಗಳಲ್ಲಿ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಸೂಜಿಯಿಂದ ಗೀರಿದಂತೆ, ಬಿಳಿಯ ಗೆರೆಯೊಂದು ಅಕ್ಷರಗಳನ್ನು ಸೀಳಿಕೊಂಡು ಹೋಗಿರುವುದು ಕಾಣಬರುತ್ತದೆ. ಅದೇ ಅಂಗಡಿಗೆ ಮರುದಿನ ಹೋದರೆ ಆ ಗೆರೆ ಅದೇ ಸ್ಥಳದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಒಂದು ಗೆರೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ.

ಕೂದಲೆಳೆಯಷ್ಟು ಅಚ್ಚು ಬಿಟ್ಟುಹೋದರೆ ಆಗುವ ನಷ್ಟವಾದರೂ ಏನು ಎಂದು ಕೆಲವರು ಕೇಳಬಹುದು. ಬಿಲ್ಲಿನಲ್ಲಿ ಬೆಲೆಗಳನ್ನು ಒಂದರ ಕೆಳಗೊಂದು ಮುದ್ರಿಸುವುದರಿಂದ ರೂಪಾಯಿಗೂ ಪೈಸೆಗೂ ನಡುವಣ ದಶಮಾಂಶ ಬಿಂದುಗಳೆಲ್ಲ ಒಂದೇ ನೇರದಲ್ಲಿ ಬೀಳುತ್ತವೆ. ಬಿಳಿಯ ಗೆರೆಯು ಆ ನೇರದಲ್ಲಿಯೇ ಹಾದುಹೋದರೆ ಬಿಂದುಗಳೆಲ್ಲ ಒಟ್ಟಿಗೆ ಮಾಯವಾಗುತ್ತವೆ. ಅವಸರದ ಕಣ್ಣು ೧೨.೫೦ ಎಂಬುದನ್ನು ೧೨೫೦ ಎಂದು ಓದುತ್ತದೆ. ಬಿಲ್ಲಿನಲ್ಲಾದರೆ ಈ ತಪ್ಪನ್ನು ಮಾತಿನಲ್ಲಿ ತಿದ್ದಿಕೊಳ್ಳಬಹುದು. ಆದರೆ ಔಷಧದ ಪೊಟ್ಟಣಕ್ಕೆ ಅಂಟಿಸುವ ಚೀಟಿಗಳೂ ಇಂಥ ಯಂತ್ರಗಳಿಂದಲೇ ಅಚ್ಚಾಗುವುದುಂಟು. ಅಲ್ಲಿ ೨.೫ ಮಿಲಿಗ್ರಾಂ ಎಂಬುದರ ಬಿಂದು ಅಳಿದರೆ ಪರಿಣಾಮವೇನಾದೀತೆಂಬುದನ್ನು ಹೇಳಬೇಕಾದುದಿಲ್ಲ. ಆಸ್ಪತ್ರೆಗಳಲ್ಲಿ ಹೃದಯದ ಬಡಿತವನ್ನು ಗೆರೆಯಾಗಿ ಬರೆದುಕೊಡುವ ಇ.ಸಿ.ಜಿ. ಯಂತ್ರಗಳಲ್ಲಿ ಬಹುಪಾಲು ಇದೇ ಬಗೆಯವು. ಅಲ್ಲಿ ಬಿಳಿಯ ಗೆರೆಯು ಅಲೆಯ ಒಂದು ಎತ್ತರವನ್ನೇ ಉದ್ದಕ್ಕೂ ಅಳಿಸಿಬಿಡುತ್ತದೆ.

ಈ ಬಿಳಿಯ ಗೆರೆ ಹುಟ್ಟುವುದು ಹೇಗೆ? ಅದನ್ನು ನಿವಾರಿಸುವ ಬಗೆ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ಶಾಖದ ಕೆಲವು ಮೂಲ ನಿಯಮಗಳು ಪಠ್ಯಪುಸ್ತಕದಿಂದ ಇಳಿದು ಅಂಗಡಿಯ ಮೇಜಿನ ಮೇಲೆ ಕೆಲಸ ಮಾಡುತ್ತಿರುವುದನ್ನು ಕಾಣಬಹುದು.

ಶಾಯಿಯಿಲ್ಲದ ಮುದ್ರಣ

ಈ ಯಂತ್ರಕ್ಕೆ ವ್ಯವಹಾರದಲ್ಲಿ ಥರ್ಮಲ್ ಪ್ರಿಂಟರ್ ಎಂದು ಹೆಸರು. ನಾವು ಇದನ್ನು ಉಷ್ಣಮುದ್ರಕವೆಂದು ಕರೆಯೋಣ. ಇದರಲ್ಲಿ ಶಾಯಿಯಿಲ್ಲ, ಅಚ್ಚಿನ ಮೊಳೆಯಿಲ್ಲ. ಬಣ್ಣವೆಲ್ಲ ಕಾಗದದಲ್ಲಿಯೇ ಅಡಗಿದೆ. ಇದನ್ನು ಪರೀಕ್ಷಿಸುವುದು ಸುಲಭ. ಹಳೆಯ ಬಿಲ್ಲಿನ ಖಾಲಿ ಭಾಗದ ಮೇಲೆ ಉಗುರಿನಿಂದ ಬೇಗನೆ ಬಲವಾಗಿ ಗೀರಿದರೆ ಕಪ್ಪು ಗೆರೆಯೊಂದು ಮೂಡುತ್ತದೆ. ಘರ್ಷಣೆಯಿಂದ ಹುಟ್ಟಿದ ಶಾಖವೇ ಅದನ್ನು ಬರೆದದ್ದು. ಕಾಗದವನ್ನು ತಿರುವಿ ಹಿಂಬದಿಯ ಮೇಲೆ ಗೀರಿದರೆ ಏನೂ ಮೂಡುವುದಿಲ್ಲ. ಏಕೆಂದರೆ ಲೇಪವಿರುವುದು ಒಂದೇ ಬದಿಗೆ.

ಆ ತೆಳುವಾದ ಲೇಪದಲ್ಲಿ ಮುಖ್ಯವಾಗಿ ಎರಡು ದ್ರವ್ಯಗಳಿವೆ. ಒಂದು, ತನ್ನ ಸಹಜಸ್ಥಿತಿಯಲ್ಲಿ ಬಣ್ಣವಿಲ್ಲದ ವರ್ಣದ್ರವ್ಯ. ಬಿಳುಪು ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಲ್ಯೂಕೊ ಬಣ್ಣವೆಂಬ ಹೆಸರು ಬಂದಿದೆ. ಇನ್ನೊಂದು, ಆಮ್ಲಗುಣವುಳ್ಳ ವರ್ಧಕ. ಇವೆರಡೂ ಸಣ್ಣ ಘನಕಣಗಳಾಗಿ ಪಕ್ಕಪಕ್ಕದಲ್ಲಿಯೇ ಇದ್ದರೂ ಒಂದರೊಡನೊಂದು ಬೆರೆಯದೆ ಸುಮ್ಮನಿರುತ್ತವೆ. ಸುಮಾರು ೭೦ ಡಿಗ್ರಿ ಸೆಲ್ಸಿಯಸ್ಸಿನಿಂದಾಚೆಗೆ ಕಾಗದ ಕಾದಾಗ ಲೇಪದಲ್ಲಿರುವ ಮೇಣದಂಥ ಸಹಾಯಕ ದ್ರವ್ಯವು ಕರಗಿ ಇವೆರಡನ್ನೂ ಕೂಡಿಸುತ್ತದೆ. ಆಗ ವರ್ಧಕದ ಪ್ರಭಾವದಿಂದ ಲ್ಯೂಕೊ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು, ಅಣುವು ಬೆಳಕನ್ನು ಹೀರುವ ಶಕ್ತಿಯನ್ನು ಪಡೆದು ಕಪ್ಪಾಗಿ ತೋರುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾಗದ ಕಪ್ಪಾಗುವುದು ಸುಟ್ಟುಹೋಗುವುದರಿಂದಲ್ಲ. ಎರಡು ದ್ರವ್ಯಗಳು ಕರಗಿ ಕೂಡುವುದರಿಂದ. ಹಾಗಾದರೆ ಶಾಖವಿಲ್ಲದೆ ಬೇರೆ ಯಾವುದಾದರೂ ದ್ರಾವಕದಿಂದ ಅವನ್ನು ಕೂಡಿಸಿದರೆ? ಹಳೆಯ ಬಿಲ್ಲಿನ ಮೇಲೆ ಕೈತೊಳೆಯುವ ಸ್ಯಾನಿಟೈಸರಿನ ಒಂದು ಹನಿಯನ್ನು ಹಾಕಿ ನೋಡಿರಿ. ಅದರಲ್ಲಿರುವ ಆಲ್ಕೊಹಾಲ್ ತಾಗಿದ ಕಡೆಯಲ್ಲಿ ಸಾಧಾರಣ ಬಿಲ್ಲಿನ ಕಾಗದವು ತಣ್ಣಗಿದ್ದಂತೆಯೇ ಕಪ್ಪಾಗುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟಿರಬೇಕು. ಶುದ್ಧಿಯ ಕ್ರಮವನ್ನು ಹೇಳುವಾಗ ಇದರ ಪ್ರಯೋಜನ ತಿಳಿದುಬರುತ್ತದೆ.

ಶೀರ್ಷದ ರಚನೆ

ಕಾಗದವನ್ನು ಬೇಕಾದ ಕಡೆ ಮಾತ್ರ, ಬೇಕಾದ ಕ್ಷಣದಲ್ಲಿ ಮಾತ್ರ ಕಾಯಿಸುವ ಭಾಗವೇ ಮುದ್ರಣಶೀರ್ಷ. ದುರಸ್ತಿಗಾರರು ಇದನ್ನು ಪ್ರಿಂಟ್ ಹೆಡ್ ಎನ್ನುತ್ತಾರೆ. ಮುದ್ರಕದ ಮುಚ್ಚಳವನ್ನು ತೆರೆದರೆ ಒಂದು ಕಡೆ ರಬ್ಬರಿನ ಉರುಳೆಯೂ ಅದಕ್ಕೆ ಒತ್ತಿಕೊಳ್ಳುವಂತೆ ಇನ್ನೊಂದು ಕಡೆ ಹೊಳೆಯುವ ಕಿರಿದಾದ ಪಟ್ಟಿಯೂ ಕಾಣುತ್ತವೆ. ಆ ಪಟ್ಟಿಯೇ ಶೀರ್ಷ. ಕಾಗದವು ಇವೆರಡರ ನಡುವೆ ಸಿಕ್ಕಿ, ಉರುಳೆ ತಿರುಗಿದಂತೆಲ್ಲ ಮುಂದೆ ಸರಿಯುತ್ತದೆ.

ಪಟ್ಟಿಯ ತಳಹದಿಯು ಅಲ್ಯೂಮಿನ ಎಂಬ ಪಿಂಗಾಣಿಯಂಥ ವಸ್ತುವಿನದು. ಅದರ ಮೇಲೆ ಶಾಖವನ್ನು ಕ್ಷಣಕಾಲ ಹಿಡಿದಿಡಲು ಗಾಜಿನ ತೆಳುವಾದ ಮೆರುಗು. ಮೆರುಗಿನ ಮೇಲೆ ಒಂದೇ ಸಾಲಿನಲ್ಲಿ ಅತಿ ಸಣ್ಣ ವಿದ್ಯುದ್ರೋಧಕ ಬಿಂದುಗಳು. ಪ್ರತಿಯೊಂದಕ್ಕೂ ಲೋಹದ ತಂತುಗಳ ಸಂಪರ್ಕ. ಎಲ್ಲದರ ಮೇಲೂ ಕಾಗದದ ಉಜ್ಜುವಿಕೆಯಿಂದ ಕಾಪಾಡಲು ಕೆಲವೇ ಮೈಕ್ರೊಮೀಟರು ದಪ್ಪದ ಗಟ್ಟಿಯಾದ ಹೊದಿಕೆ. ಒಂದು ಮೈಕ್ರೊಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಸಾಮಾನ್ಯ ಮುದ್ರಕಗಳಲ್ಲಿ ಮಿಲಿಮೀಟರಿಗೆ ೮ ಬಿಂದುಗಳಿರುತ್ತವೆ. ೫೮ ಮಿಲಿಮೀಟರು ಅಗಲದ ಕಾಗದವನ್ನು ಬಳಸುವ ಚಿಕ್ಕ ಮುದ್ರಕದಲ್ಲಿ ಅಚ್ಚಾಗುವ ಅಗಲ ೪೮ ಮಿಲಿಮೀಟರು. ಆದ್ದರಿಂದ ಒಟ್ಟು ೩೮೪ ಬಿಂದುಗಳು. ಒಂದು ಸಾಲಿನಲ್ಲಿ ೩೨ ಅಕ್ಷರಗಳೆಂದರೆ ಒಂದೊಂದು ಅಕ್ಷರಕ್ಕೆ ೧೨ ಬಿಂದುಗಳ ಅಗಲ ದೊರೆಯುತ್ತದೆ. ದಶಮಾಂಶದ ಚುಕ್ಕೆಗೆ ಸಿಗುವುದು ಎರಡೋ ಮೂರೋ ಬಿಂದು ಮಾತ್ರ. ಕೊಳೆ ಎರಡು ಮೂರು ಬಿಂದುಗಳ ಮೇಲೆ ಕುಳಿತರೆ ಸಾಕು, ಚುಕ್ಕೆಗಳ ಸಾಲೇ ಏಕೆ ಮಾಯವಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ವಿದ್ಯುತ್ಪ್ರವಾಹವು ರೋಧದ ಮೂಲಕ ಹರಿದಾಗ ಶಾಖ ಹುಟ್ಟುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲನು ೧೮೪೧ರಲ್ಲಿ ಪ್ರಕಟಿಸಿದನು. ಇಸ್ತ್ರಿಪೆಟ್ಟಿಗೆಯಲ್ಲಿ ನಡೆಯುವುದೂ ಅದೇ, ಇಲ್ಲಿ ನಡೆಯುವುದೂ ಅದೇ. ಒಂದು ಲೆಕ್ಕ ಮಾಡಿ ನೋಡೋಣ. ಬಿಂದುವಿನ ರೋಧ ೮೦೦ ಓಮ್, ಅದಕ್ಕೆ ಒದಗಿಸುವ ವೋಲ್ಟೇಜು ೨೪ ಎಂದಿಟ್ಟುಕೊಂಡರೆ, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದಾಗ ಬರುವ ಸಾಮರ್ಥ್ಯ ೦.೭೨ ವ್ಯಾಟ್. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಬಿಂದುವಿನ ಉದ್ದಗಲಗಳು ತಲಾ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಹಾಗಾಗಿ ಚದರ ಮಿಲಿಮೀಟರಿಗೆ ಸುಮಾರು ೪೬ ವ್ಯಾಟ್ ಆಯಿತು. ೧೦೦೦ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ೨೦೦ ಚದರ ಸೆಂಟಿಮೀಟರೆಂದರೆ ಅಲ್ಲಿ ಚದರ ಮಿಲಿಮೀಟರಿಗೆ ಒದಗುವುದು ೦.೦೫ ವ್ಯಾಟ್ ಮಾತ್ರ. ಅಂದರೆ ಈ ಅಣುಮಾತ್ರ ಬಿಂದುವು ತನ್ನ ಅಳತೆಗೆ ತಕ್ಕಂತೆ ನೋಡಿದರೆ ಇಸ್ತ್ರಿಪೆಟ್ಟಿಗೆಗಿಂತ ೯೦೦ ಪಟ್ಟು ಉಗ್ರವಾದುದು.

ಇಷ್ಟು ಉಗ್ರವಾದ ಬಿಂದು ಕರಗಿಹೋಗದಿರುವುದಕ್ಕೆ ಕಾರಣ, ಅದು ಕಾಯುವ ಕಾಲ ಅತ್ಯಲ್ಪವಾಗಿರುವುದು. ಪ್ರವಾಹವನ್ನು ಸೆಕೆಂಡಿನ ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟು, ಅಂದರೆ ೦.೪ ಮಿಲಿಸೆಕೆಂಡು ಮಾತ್ರ ಹರಿಯಿಸಿದರೂ ಬಿಂದುವಿನ ಉಷ್ಣತೆ ಕ್ಷಣಮಾತ್ರ ೨೦೦ ಡಿಗ್ರಿಯನ್ನು ದಾಟಿ ಒಡನೆಯೇ ಇಳಿದುಬಿಡುತ್ತದೆ. ಕಾಗದವು ಸೆಕೆಂಡಿಗೆ ೫೦ ಮಿಲಿಮೀಟರು ವೇಗದಲ್ಲಿ ಸರಿಯುತ್ತಿದ್ದರೆ ಸೆಕೆಂಡಿಗೆ ೪೦೦ ಬಿಂದುಸಾಲುಗಳು ಅಚ್ಚಾಗಬೇಕು. ಒಂದೊಂದು ಸಾಲಿಗೆ ದೊರೆಯುವ ಅವಕಾಶ ೨.೫ ಮಿಲಿಸೆಕೆಂಡು. ಅಷ್ಟರಲ್ಲಿ ಬಿಂದುವು ಕಾದು, ಶಾಖವನ್ನು ಕಾಗದಕ್ಕೆ ಕೊಟ್ಟು, ಆರಿ, ಮುಂದಿನ ಸಾಲಿಗೆ ಸಿದ್ಧವಾಗಿರಬೇಕು.

ಇಂಥ ಯಂತ್ರದ ಕಲ್ಪನೆ ಹೊಸದೇನೂ ಅಲ್ಲ. ೧೯೫೮ರಲ್ಲಿ ಸಂಯುಕ್ತ ವಿದ್ಯುನ್ಮಂಡಲವನ್ನು, ಅಂದರೆ ಇಂದಿನ ಚಿಪ್ಪನ್ನು ರಚಿಸಿ, ೨೦೦೦ದಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಅಮೆರಿಕದ ಜ್ಯಾಕ್ ಕಿಲ್ಬಿಯವರು ಉಷ್ಣಮುದ್ರಕದ ಆದ್ಯಕರ್ತೃಗಳಲ್ಲಿಯೂ ಒಬ್ಬರು.

ಕೊಳೆಯ ಪರದೆ

ಇನ್ನು ಬಿಳಿಯ ಗೆರೆಯ ಕಾರಣಕ್ಕೆ ಬರೋಣ. ಕಾಗದವು ಶೀರ್ಷವನ್ನು ಉಜ್ಜಿಕೊಂಡು ಸಾಗುವಾಗ ಲೇಪದ ಪುಡಿಯೂ ಮೇಣದ ಅಂಶವೂ ಸ್ವಲ್ಪಸ್ವಲ್ಪವಾಗಿ ಬಿಂದುಗಳ ಸಾಲಿನ ಮೇಲೆ ಉಳಿಯುತ್ತವೆ. ಅಂಟುಚೀಟಿಗಳನ್ನು ಮುದ್ರಿಸುವ ಯಂತ್ರದಲ್ಲಿ ಅಂಚಿನಿಂದ ಒಸರಿದ ಅಂಟು ಸೇರುತ್ತದೆ. ಕಾಗದದ ಸುರುಳಿಯನ್ನು ಬದಲಾಯಿಸುವ ಕೈಯ ಬೆವರು, ಜಿಡ್ಡು, ಬೀದಿಯ ಧೂಳು ಇವೂ ಬಂದು ಕೂಡುತ್ತವೆ. ಬಿಂದುಗಳ ಶಾಖದಲ್ಲಿ ಇವೆಲ್ಲ ಬೆಂದು ಪದರವಾಗಿ ನಿಲ್ಲುತ್ತವೆ.

ಈ ಪದರದ ದಪ್ಪ ೧೦ ಮೈಕ್ರೊಮೀಟರಿದ್ದರೂ ಸಾಕು. ತಲೆಗೂದಲಿನ ದಪ್ಪದಲ್ಲಿ ಅದು ಏಳೆಂಟರ ಒಂದು ಪಾಲು. ಇಷ್ಟು ತೆಳುವಾದ ಪರದೆಯು ೨೦೦ ಡಿಗ್ರಿಯ ಶಾಖವನ್ನು ತಡೆಯುವುದುಂಟೆ? ಇಲ್ಲಿಯೇ ವಿಷಯದ ಮರ್ಮವಿರುವುದು. ಪರದೆಯು ಶಾಖವನ್ನು ಶಾಶ್ವತವಾಗಿ ತಡೆಯಬೇಕಾಗಿಲ್ಲ, ತಡಮಾಡಿದರೆ ಸಾಕು.

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆಯು ೧೮೨೨ರಲ್ಲಿ ಪ್ರಕಟಿಸಿದ ಶಾಖವಹನ ಸಿದ್ಧಾಂತದಿಂದ ಒಂದು ಸ್ಥೂಲವಾದ ಸೂತ್ರ ಹೊರಡುತ್ತದೆ. ಪದರವೊಂದನ್ನು ಶಾಖ ದಾಟಲು ಬೇಕಾದ ಕಾಲವು, ಪದರದ ದಪ್ಪದ ವರ್ಗವನ್ನು ಆ ವಸ್ತುವಿನ ಶಾಖಪ್ರಸರಣಾಂಕದಿಂದ ಭಾಗಿಸಿದಷ್ಟು. ಮೇಣ, ಅಂಟು, ಕಾಗದದ ಪುಡಿ ಇಂಥ ವಸ್ತುಗಳಿಗೆ ಈ ಅಂಕವು ಸೆಕೆಂಡಿಗೆ ಸುಮಾರು ೦.೧ ಚದರ ಮಿಲಿಮೀಟರು. ದಪ್ಪ ೦.೦೧ ಮಿಲಿಮೀಟರು, ಅದರ ವರ್ಗ ೦.೦೦೦೧, ಅದನ್ನು ೦.೧ರಿಂದ ಭಾಗಿಸಿದರೆ ೦.೦೦೧ ಸೆಕೆಂಡು, ಅಂದರೆ ಒಂದು ಮಿಲಿಸೆಕೆಂಡು. ಬಿಂದುವಿಗೆ ಪ್ರವಾಹ ಹರಿಯುವ ಕಾಲವಾದರೋ ೦.೪ ಮಿಲಿಸೆಕೆಂಡು ಮಾತ್ರ! ಶಾಖವು ಕೊಳೆಯನ್ನು ದಾಟಿ ಕಾಗದದ ಬಳಿ ಬರುವ ಹೊತ್ತಿಗೆ ಬಿಂದು ಆರಿಹೋಗಿರುತ್ತದೆ. ಶಾಖದ ಬಹುಭಾಗ ಹಿಂದಿನ ಪಿಂಗಾಣಿಯೊಳಕ್ಕೆ ಇಳಿದುಹೋಗಿರುತ್ತದೆ. ಅಳಿದುಳಿದ ಉಗುರುಬಿಸಿಯಿಂದ ಮೇಣ ಕರಗುವುದಿಲ್ಲ, ಬಣ್ಣ ಮೂಡುವುದಿಲ್ಲ.

ಶೀರ್ಷದ ಸ್ವಂತ ಹೊದಿಕೆಯೂ ಒಂದು ಪದರವೇ ಅಲ್ಲವೆ ಎಂದು ಕೇಳಬಹುದು. ಗಾಜಿನಂಥ ವಸ್ತುವಿನ ಅಂಕ ೦.೫ರಷ್ಟಿರುವುದರಿಂದ, ೫ ಮೈಕ್ರೊಮೀಟರು ದಪ್ಪದ ಹೊದಿಕೆಯನ್ನು ಶಾಖವು ದಾಟಲು ೦.೦೫ ಮಿಲಿಸೆಕೆಂಡು ಸಾಕು. ಹೀಗೆ ಹೊದಿಕೆ ಶಾಖಕ್ಕೆ ಬಾಗಿಲಾದರೆ ಕೊಳೆ ಅದಕ್ಕೆ ಗೋಡೆಯಾಗಿದೆ. ಇನ್ನೊಂದು ಮಾತು. ಕಾಲವು ದಪ್ಪದ ವರ್ಗವನ್ನು ಅನುಸರಿಸುವುದರಿಂದ ಕೊಳೆ ಇಮ್ಮಡಿಯಾದರೆ ವಿಳಂಬ ನಾಲ್ಮಡಿಯಾಗುತ್ತದೆ. ನಿನ್ನೆ ಮಸುಕಾಗಿದ್ದ ಗೆರೆ ಇಂದು ಪೂರ್ತಿ ಬಿಳಿಯಾಗುವುದು ಇದರಿಂದಲೇ.

ಸಾಮಾನ್ಯವಾಗಿ ನಡೆಯುವ ತಪ್ಪು

ಅಚ್ಚು ಮಸುಕಾದೊಡನೆ ಹಲವರು ಮಾಡುವ ಕೆಲಸವೆಂದರೆ ಯಂತ್ರದಲ್ಲಿ ಅಚ್ಚಿನ ಗಾಢತೆಯನ್ನು ಹೆಚ್ಚಿಸುವುದು. ಹಾಗೆ ಮಾಡಿದಾಗ ಪ್ರವಾಹ ಹರಿಯುವ ಕಾಲ ಹೆಚ್ಚಾಗಿ, ಬಿಂದುಗಳು ಇನ್ನಷ್ಟು ಕಾಯುತ್ತವೆ. ಮೊದಲಿಗೆ ಅಚ್ಚು ತಿದ್ದಿಕೊಂಡಂತೆಯೇ ಕಾಣುತ್ತದೆ. ಆದರೆ ಹೆಚ್ಚಿದ ಶಾಖದಲ್ಲಿ ಮೆದುವಾಗಿದ್ದ ಕೊಳೆ ಸೀದು ಕಿಟ್ಟವಾಗಿ ಗಟ್ಟಿಯಾಗುತ್ತದೆ. ಕೊಳೆಯಿಲ್ಲದ ಬಿಂದುಗಳಾದರೋ ತಮ್ಮದಲ್ಲದ ತಪ್ಪಿಗೆ ಹೆಚ್ಚಿನ ಶಾಖವನ್ನು ತಾಳಬೇಕಾಗುತ್ತದೆ. ಅತಿಯಾಗಿ ಕಾದ ರೋಧಕವು ಕ್ರಮೇಣ ಉತ್ಕರ್ಷಣ ಹೊಂದಿ, ಅದರ ರೋಧ ಬದಲಾಗಿ, ಕೊನೆಗೆ ಕಡಿದುಹೋಗುತ್ತದೆ. ಒರೆಸಿದರೆ ಹೋಗುತ್ತಿದ್ದ ಗೆರೆ ಹೀಗೆ ಎಂದೆಂದಿಗೂ ಹೋಗದ ಗೆರೆಯಾಗುತ್ತದೆ.

ದೋಸೆಯ ಕಾವಲಿಯನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಕಾವಲಿಗೆ ಹಿಂದಿನ ದೋಸೆಯ ಕಿಟ್ಟ ಹಿಡಿದಿದ್ದಾಗ ಉರಿ ಹೆಚ್ಚಿಸಿದರೆ ದೋಸೆ ಸೀಯುತ್ತದೆಯೇ ಹೊರತು ಏಳುವುದಿಲ್ಲ. ಅನುಭವಸ್ಥರು ಉರಿ ತಗ್ಗಿಸಿ, ಹೋಳು ಮಾಡಿದ ಈರುಳ್ಳಿಯಿಂದ ಕಾವಲಿಯನ್ನು ಒರೆಸಿ ಮುಂದಿನ ದೋಸೆ ಹೊಯ್ಯುತ್ತಾರೆ. ಇಲ್ಲಿಯೂ ಮೊದಲು ಒರೆಸುವುದು, ಗಾಢತೆಯ ಯೋಚನೆ ಆಮೇಲೆ.

ಶುದ್ಧಿಯ ಕ್ರಮ

ಬೇಕಾಗುವ ಸಾಮಗ್ರಿ ಸ್ವಲ್ಪವೇ. ವಿದ್ಯುನ್ಮಾನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುವ, ಶೇಕಡಾ ೯೦ಕ್ಕೆ ಕಡಮೆಯಿಲ್ಲದ, ಸಾಧ್ಯವಾದರೆ ಶೇಕಡಾ ೯೯ರಷ್ಟು ಶುದ್ಧಿಯ ಐಸೊಪ್ರೊಪೈಲ್ ಆಲ್ಕೊಹಾಲ್. ಎಳೆ ಬಿಡದ ಮೆತ್ತನೆಯ ಬಟ್ಟೆ ಅಥವಾ ಹತ್ತಿ ಸುತ್ತಿದ ಕಡ್ಡಿ. ಪುಡಿ ಹೊಡೆಯಲು ಮೃದುವಾದ ಕುಂಚ. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸತಕ್ಕದ್ದು.

೧. ಮೊದಲು ಯಂತ್ರವನ್ನು ನಿಲ್ಲಿಸಿ ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು. ಕೈಯಲ್ಲಿ ಹಿಡಿಯುವ ಯಂತ್ರವಾದರೆ ಬ್ಯಾಟರಿಯನ್ನು ಬಿಚ್ಚಬೇಕು. ಆಗತಾನೆ ಅಚ್ಚು ಮಾಡಿದ್ದರೆ ಶೀರ್ಷ ಆರುವವರೆಗೆ ಕೆಲವು ನಿಮಿಷ ಕಾಯಬೇಕು. ಬಿಸಿಯಾದ ಶೀರ್ಷ ಕೈಯನ್ನು ಸುಡುವುದಲ್ಲದೆ, ಆಲ್ಕೊಹಾಲನ್ನು ಕೊಳೆ ಕರಗುವ ಮುನ್ನವೇ ಆವಿಯಾಗಿಸಿಬಿಡುತ್ತದೆ.

೨. ಭೂಮಿಗೆ ಸಂಪರ್ಕವಿರುವ ಲೋಹದ ವಸ್ತುವೊಂದನ್ನು ಒಮ್ಮೆ ಮುಟ್ಟಬೇಕು. ಒಣಹವೆಯಲ್ಲಿ ನಡೆದಾಡುವುದರಿಂದಲೇ ನಮ್ಮ ದೇಹದಲ್ಲಿ ಹಲವು ಸಾವಿರ ವೋಲ್ಟುಗಳ ಸ್ಥಿರವಿದ್ಯುತ್ತು ಕೂಡಿರಬಹುದು. ಯಾವ ಬಿಂದು ಕಾಯಬೇಕೆಂಬುದನ್ನು ನಿರ್ಧರಿಸುವ ಸೂಕ್ಷ್ಮ ಚಿಪ್ಪುಗಳು ಶೀರ್ಷದ ಮೇಲೆಯೇ ಇವೆ. ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಅವನ್ನು ಕೆಡಿಸಬಲ್ಲದು.

೩. ಕಾಗದದ ಸುರುಳಿಯನ್ನು ಹೊರತೆಗೆದು, ಒಳಗಿನ ಪುಡಿಯನ್ನು ಕುಂಚದಿಂದ ಹೊಡೆಯಬೇಕು. ಧೂಳಿನೊಳಗಿನ ಮರಳಿನ ಕಣಗಳು ಗಾಜಿಗಿಂತ ಗಟ್ಟಿ. ಮೊದಲು ಅವನ್ನು ತೆಗೆಯದೆ ಒರೆಸಿದರೆ ಒರೆಸುವ ಬಟ್ಟೆಯೇ ಉಪ್ಪುಕಾಗದದಂತಾಗಿ ಹೊದಿಕೆಯನ್ನು ಗೀರುತ್ತದೆ.

೪. ಬಟ್ಟೆಯನ್ನು ಆಲ್ಕೊಹಾಲಿನಲ್ಲಿ ತೊಟ್ಟಿಕ್ಕದಷ್ಟು ಮಾತ್ರ ತೇವಮಾಡಿ, ಬಿಂದುಗಳ ಸಾಲನ್ನು ನಡುವಿನಿಂದ ಒಂದು ತುದಿಗೆ, ಮತ್ತೆ ನಡುವಿನಿಂದ ಇನ್ನೊಂದು ತುದಿಗೆ ಮೆಲ್ಲಗೆ ಒರೆಸಬೇಕು. ಹಿಂದುಮುಂದಾಗಿ ತಿಕ್ಕಿದರೆ ತೆಗೆದ ಕೊಳೆ ಮರಳಿ ಅಲ್ಲಿಯೇ ಕೂಡುತ್ತದೆ. ಬಟ್ಟೆಯಲ್ಲಿ ಕಪ್ಪು ಕಾಣದಾಗುವವರೆಗೆ, ಪ್ರತಿಸಲವೂ ಶುಭ್ರವಾದ ಭಾಗದಿಂದ ಒರೆಸುತ್ತ ಹೋಗಬೇಕು. ಗಟ್ಟಿಯಾದ ಕಿಟ್ಟವಿದ್ದರೆ ತೇವವಾದ ಬಟ್ಟೆಯನ್ನು ಅದರ ಮೇಲೆ ಅರ್ಧ ನಿಮಿಷ ಇಟ್ಟಿದ್ದು, ಮೆದುವಾದ ಮೇಲೆ ಒರೆಸುವುದು ಲೇಸು.

೫. ರಬ್ಬರಿನ ಉರುಳೆಯನ್ನು ಬೆರಳಿನಿಂದ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ಅದರ ಸುತ್ತಲೂ ಒರೆಸಬೇಕು. ಉರುಳೆಯ ಮೇಲಿನ ಅಂಟನ್ನು ಬಿಟ್ಟರೆ ಅದು ಶೀರ್ಷಕ್ಕೆ ಮತ್ತೆ ಹತ್ತುತ್ತದೆ.

೬. ಎಲ್ಲವೂ ಪೂರ್ತಿ ಆರುವವರೆಗೆ ಎರಡು ಮೂರು ನಿಮಿಷ ಮುಚ್ಚಳವನ್ನು ತೆರೆದೇ ಇಟ್ಟು, ಆಮೇಲೆ ಕಾಗದವನ್ನು ಹಾಕಬೇಕು. ಮೊದಲು ಮಾಡಿದ ಪ್ರಯೋಗವನ್ನು ಇಲ್ಲಿ ಸ್ಮರಿಸಿರಿ. ಆಲ್ಕೊಹಾಲ್ ಆರುವ ಮುನ್ನ ಕಾಗದ ತಾಗಿದರೆ ಲೇಪ ಕರಗಿ ಕಪ್ಪಾಗುತ್ತದೆ. ಅಷ್ಟೇ ಅಲ್ಲ, ಕರಗಿದ ಲೇಪವು ಈಗತಾನೆ ಶುದ್ಧವಾದ ಶೀರ್ಷಕ್ಕೆ ಅಂಟಿಕೊಳ್ಳುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲನ್ನೇ ಏಕೆ ಬಳಸಬೇಕು? ಅದು ಜಿಡ್ಡನ್ನೂ ಮೇಣವನ್ನೂ ಅನೇಕ ಬಗೆಯ ಅಂಟುಗಳನ್ನೂ ಸಡಿಲಿಸುತ್ತದೆ, ಬೇಗ ಆವಿಯಾಗುತ್ತದೆ, ಆವಿಯಾದ ಮೇಲೆ ಏನನ್ನೂ ಉಳಿಸುವುದಿಲ್ಲ. ನೀರಿಗೆ ಜಿಡ್ಡನ್ನು ಕರಗಿಸುವ ಶಕ್ತಿಯಿಲ್ಲ. ಅದು ಆರಿದಾಗ ಲವಣಗಳು ಉಳಿಯುತ್ತವೆ. ತೇವವಿರುವಾಗ ಪ್ರವಾಹ ಹರಿದರೆ ಲೋಹದ ತಂತುಗಳು ವಿದ್ಯುದ್ವಿಶ್ಲೇಷಣೆಯಿಂದ ಸವೆಯುತ್ತವೆ. ಸ್ಯಾನಿಟೈಸರಿನಲ್ಲಿ ಆಲ್ಕೊಹಾಲಿದ್ದರೂ ಕೈಯನ್ನು ಮೃದುವಾಗಿಡಲು ಸೇರಿಸಿದ ಗ್ಲಿಸರೀನು ಮುಂತಾದುವು ಆವಿಯಾಗದೆ ಉಳಿಯುವುದರಿಂದ ಅದು ಈ ಕೆಲಸಕ್ಕೆ ಸಲ್ಲದು. ಪೆಟ್ರೋಲು, ಥಿನ್ನರ್‌ಗಳು ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತವೆ. ಬ್ಲೇಡು, ಸೂಜಿ, ಉಪ್ಪುಕಾಗದಗಳನ್ನಂತೂ ಶೀರ್ಷದ ಹತ್ತಿರವೂ ತರಕೂಡದು. ಕೆಲವೇ ಮೈಕ್ರೊಮೀಟರಿನ ಹೊದಿಕೆಯನ್ನು ಒಂದೇ ಗೀರು ದಾಟಿಬಿಡಬಲ್ಲದು. ಬರಿಯ ಬೆರಳಿನಿಂದ ಬಿಂದುಗಳ ಸಾಲನ್ನು ಮುಟ್ಟುವುದೂ ಸರಿಯಲ್ಲ. ಬೆವರಿನ ಉಪ್ಪು ಹೊದಿಕೆಯ ಸೂಕ್ಷ್ಮ ಬಿರುಕುಗಳಲ್ಲಿ ಇಳಿದು ಲೋಹವನ್ನು ತಿನ್ನುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲ್ ಬಹು ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಸುಮಾರು ೧೨ ಡಿಗ್ರಿ ಉಷ್ಣತೆಯಲ್ಲಿಯೇ ಅದರ ಆವಿ ಕಿಡಿ ತಾಗಿದರೆ ಹೊತ್ತಬಲ್ಲದು. ನಮ್ಮ ಕೋಣೆಗಳು ಇದಕ್ಕಿಂತ ಬೆಚ್ಚಗಿರುತ್ತವೆ. ದೀಪ, ಊದುಬತ್ತಿ, ಒಲೆಗಳಿಂದ ದೂರ, ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಿ, ಸೀಸೆಯನ್ನು ಒಡನೆಯೇ ಮುಚ್ಚಿಡಬೇಕು.

ದೋಷವನ್ನು ಗುರುತಿಸುವ ಬಗೆ

ಒರೆಸಿದ ಮೇಲೆ ಯಂತ್ರದ ಸ್ವಪರೀಕ್ಷೆಯ ಚೀಟಿಯನ್ನು ಮುದ್ರಿಸಿ ನೋಡಬೇಕು. ಗೆರೆ ಮಾಯವಾಗಿದ್ದರೆ ಅದು ಕೊಳೆಯ ಗೆರೆ. ಎರಡು ಮೂರು ಸಲ ಚೆನ್ನಾಗಿ ಒರೆಸಿದರೂ ಅದೇ ಸ್ಥಳದಲ್ಲಿ ಅದೇ ಅಗಲದ ಗೆರೆ ಸ್ಪಷ್ಟವಾದ ಅಂಚಿನೊಡನೆ ಉಳಿದಿದ್ದರೆ ಬಿಂದು ಕಡಿದುಹೋಗಿರುವುದೇ ಹೆಚ್ಚು ಸಂಭವ. ಆಗ ಶೀರ್ಷವನ್ನು ಬದಲಾಯಿಸದೆ ಗತಿಯಿಲ್ಲ. ಈ ವಿವೇಚನೆಯಿಲ್ಲದೆ, ಬರಿಯ ಕೊಳೆ ಹಿಡಿದ ಶೀರ್ಷವನ್ನು ಕೆಟ್ಟುಹೋಯಿತೆಂದು ಎಸೆಯುವುದು ವ್ಯರ್ಥವ್ಯಯ.

ಬಿಳಿಯ ಗುರುತು ಉದ್ದವಾದ ಗೆರೆಯಾಗಿರದೆ, ಸಮಾನ ಅಂತರದಲ್ಲಿ ಮರಳಿ ಮರಳಿ ಬಂದರೆ ದೋಷ ಶೀರ್ಷದ್ದಲ್ಲ, ಉರುಳೆಯದು. ಆ ಅಂತರವನ್ನು ಅಳತೆಪಟ್ಟಿಯಿಂದ ಅಳೆದು ನೋಡಿರಿ. ಉರುಳೆಯ ವ್ಯಾಸ ೧೨ ಮಿಲಿಮೀಟರಿದ್ದರೆ ಪರಿಧಿಯು ಸುಮಾರು ೩೮ ಮಿಲಿಮೀಟರು. ಗುರುತುಗಳ ಅಂತರವೂ ಅಷ್ಟೇ ಇದ್ದರೆ ಉರುಳೆಯ ಮೇಲೆ ಒಂದು ಕಡೆ ತಗ್ಗೋ ಅಂಟೋ ಇದೆಯೆಂದು ನಿಶ್ಚಯಿಸಬಹುದು. ಅಚ್ಚು ಒಂದು ಪಕ್ಕದಲ್ಲಿ ಗಾಢವಾಗಿಯೂ ಇನ್ನೊಂದು ಪಕ್ಕದಲ್ಲಿ ಮಸುಕಾಗಿಯೂ ಇದ್ದರೆ ಶೀರ್ಷದ ಒತ್ತಡ ಸಮವಾಗಿಲ್ಲ. ಎಲ್ಲ ಕಡೆಯೂ ಒಂದೇ ಸಮನೆ ಮಸುಕಾದರೆ ಬ್ಯಾಟರಿಯ ಶಕ್ತಿ ಕುಂದಿರಬಹುದು, ಇಲ್ಲವೆ ಕಾಗದ ಕಳಪೆಯಿರಬಹುದು. ಏನೂ ಮೂಡದಿದ್ದರೆ, ಕಾಗದವನ್ನು ತಿರುವುಮುರುವಾಗಿ ಹಾಕಿಲ್ಲವಷ್ಟೆ ಎಂದು ಉಗುರಿನಿಂದ ಗೀರಿ ನೋಡುವುದು ಮೊದಲ ಕೆಲಸ.

ಆಯುಷ್ಯದ ಲೆಕ್ಕ

ಶೀರ್ಷದ ಆಯುಷ್ಯವನ್ನು ವರ್ಷಗಳಲ್ಲಿ ಹೇಳುವುದಿಲ್ಲ, ಅದರ ಮೇಲೆ ಸಾಗಿದ ಕಾಗದದ ಉದ್ದದಿಂದ ಹೇಳುತ್ತಾರೆ. ತಯಾರಕರು ಸಾಮಾನ್ಯವಾಗಿ ೫೦, ೧೦೦ ಅಥವಾ ೧೫೦ ಕಿಲೋಮೀಟರು ಎಂದು ನಮೂದಿಸುವುದುಂಟು. ಬಸ್ಸಿನ ಟಿಕೆಟ್ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಟಿಕೆಟಿನ ಉದ್ದ ೧೦ ಸೆಂಟಿಮೀಟರು, ದಿನಕ್ಕೆ ೩೦೦ ಟಿಕೆಟುಗಳು ಎಂದಿಟ್ಟುಕೊಂಡರೆ ದಿನಕ್ಕೆ ೩೦ ಮೀಟರು ಕಾಗದ ಸಾಗುತ್ತದೆ. ಆ ಲೆಕ್ಕದಲ್ಲಿ ೫೦ ಕಿಲೋಮೀಟರಿಗೆ ೫ ಲಕ್ಷ ಟಿಕೆಟುಗಳಾಗಿ ಶೀರ್ಷವು ೧,೬೬೬ ದಿನ, ಎಂದರೆ ನಾಲ್ಕೂವರೆ ವರ್ಷ ಬಾಳಬೇಕು. ಆದರೆ ಕಿಟಕಿಗಳೆಲ್ಲ ತೆರೆದಿರುವ ಬಸ್ಸು ಬೇಸಗೆಯ ಮಣ್ಣುದಾರಿಯಲ್ಲಿ ಸಾಗುವಾಗ ಯಂತ್ರದೊಳಕ್ಕೆ ಸೇರುವ ಧೂಳು, ಕಳಪೆ ಕಾಗದದ ಒರಟು ಲೇಪ, ಅನಗತ್ಯವಾಗಿ ಹೆಚ್ಚಿಸಿದ ಗಾಢತೆ ಇವು ಮೂರೂ ಆ ಆಯುಷ್ಯವನ್ನು ಕಡಿಯುತ್ತವೆ.

ಆದಕಾರಣ ಅಂಟುಚೀಟಿಯ ಮುದ್ರಕವನ್ನು ಸುರುಳಿ ಬದಲಾಯಿಸಿದಾಗಲೆಲ್ಲ ಒರೆಸುವುದು ಒಳ್ಳೆಯ ಪದ್ಧತಿ. ಬಿಲ್ಲಿನ ಮುದ್ರಕಕ್ಕೆ, ಕೆಲಸ ಹೆಚ್ಚಿರುವ ಕಡೆ ವಾರಕ್ಕೊಮ್ಮೆ, ಇಲ್ಲದ ಕಡೆ ತಿಂಗಳಿಗೊಮ್ಮೆ ಒರೆಸಿದರೆ ಸಾಕಾಗುತ್ತದೆ. ಗೆರೆ ಮೂಡಿದ ಮೇಲೆ ಒರೆಸುವುದಕ್ಕಿಂತ ಮೂಡುವ ಮುನ್ನ ಒರೆಸುವುದು ಮೇಲು. ಕೊಳೆ ತೆಳುವಾಗಿದ್ದಾಗ ಸುಲಭವಾಗಿ ಬಿಡುತ್ತದೆ, ಬೆಂದು ಕಿಟ್ಟವಾದ ಮೇಲೆ ಹಟ ಹಿಡಿಯುತ್ತದೆ. ಗಾಢತೆಯನ್ನು ಅಕ್ಷರಗಳು ಸ್ಪಷ್ಟವಾಗಿ ಓದಬರುವ ಕನಿಷ್ಠ ಮಟ್ಟದಲ್ಲಿಡಬೇಕು.

ವಿದ್ಯಾರ್ಥಿಗಳು ತಮ್ಮ ಮನೆಗೆ ಬರುವ ಬಿಲ್ಲುಗಳನ್ನು ಒಂದು ತಿಂಗಳ ಕಾಲ ಕೂಡಿಟ್ಟು, ಒಂದೇ ಅಂಗಡಿಯವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಬಹುದು. ಗೆರೆ ಎಂದು ಹುಟ್ಟಿತು, ಕಾಗದದ ಅಂಚಿನಿಂದ ಎಷ್ಟು ಮಿಲಿಮೀಟರು ದೂರದಲ್ಲಿದೆ, ಎಷ್ಟು ಅಗಲವಾಗಿದೆ ಎಂಬುದನ್ನು ಗುರುತಿಸಿಕೊಂಡರೆ ಎಷ್ಟು ಬಿಂದುಗಳು ಮರೆಯಾಗಿವೆಯೆಂಬುದನ್ನು ಎಂಟರಿಂದ ಗುಣಿಸಿ ತಿಳಿಯಬಹುದು. ಗೆರೆ ದಶಮಾಂಶದ ಚುಕ್ಕೆಗಳ ಕಡೆಗೆ ಹರಡುತ್ತಿರುವುದು ಕ್ರಮೇಣ ಗೋಚರವಾದರೆ ಆ ಚೀಟಿಗಳನ್ನು ಅಂಗಡಿಯವರಿಗೆ ತೋರಿಸಿ, ಗಾಢತೆಯನ್ನು ಹೆಚ್ಚಿಸುವ ಮುನ್ನ ಒಮ್ಮೆ ಒರೆಸಿ ನೋಡಿರೆಂದು ಹೇಳಿರಿ. ಕಾರಣವನ್ನು ಕೇಳಿದರೆ ಕೊಳೆಯ ದಪ್ಪ, ಅದರ ವರ್ಗ, ಶಾಖದ ವಿಳಂಬ ಇವನ್ನು ವಿವರಿಸುವುದು ಈಗ ನಿಮಗೆ ಕಷ್ಟವಾಗಲಾರದು.